ಭಯಕ್ಕೆ ಸಂಮೋಹನ ಮದ್ದಾದೀತೆ?

ಹಲ್ಲಿಯನ್ನು ಕಂಡು ಮೈ ಜುಮ್ಮೆನ್ನುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದು ಲೊಚಗುಟ್ಟಿದರೆ ಶಕುನ ಕೇಳುವವರೂ, ಮೈಮೇಲೆ ಬಿದ್ದರೆ ಪಂಚಾಂಗವನ್ನು ಬಿಡಿಸುವವರೂ ಇದ್ದಾರೆ. ಇವೆಲ್ಲ ಸಾಮಾನ್ಯ ಅಂಜಿಕೆಯ ಎಲ್ಲೆಯೊಳಗಿನ ಮಾತು. ಆದರೆ ಅಡಿಗೆಮನೆಯ ಗೋಡೆಯ ಮೇಲೆ ಬೆಳಗ್ಗೆ ಹಲ್ಲಿಯೊಂದು ಕಾಣಿಸಿತೆಂದು ಸಂಜೆಯವರೆಗೂ ಒಲೆ ಹಚ್ಚಲಾರದ, ಹಳೆಯ ಹೆಂಚಿನ ಮನೆಯೆಂಬ ಒಂದೇ ಕಾರಣದಿಂದ ವರ್ಷಗಟ್ಟಲೆ ತವರಿಗೆ ಹೋಗದಿರುವ ಗೃಹಿಣಿಯೊಬ್ಬಳನ್ನು ಊಹಿಸಿಕೊಳ್ಳೋಣ. ಹಲ್ಲಿ ಮನುಷ್ಯರ ಗೊಡವೆಗೆ ಬಾರದ ಬಡಪ್ರಾಣಿ ಎಂಬುದನ್ನು ಆಕೆ ಚೆನ್ನಾಗಿ ಬಲ್ಲಳು. ಬಲ್ಲಳಾದುದರಿಂದಲೇ ತನ್ನ ಭಯವನ್ನು ಬಾಯಿಬಿಟ್ಟು ಹೇಳಲು ನಾಚುತ್ತಾಳೆ. ತವರಿಗೆ ಹೋಗದಿರುವುದಕ್ಕೆ ಇಲ್ಲದ ನೆಪಗಳನ್ನು ಹೂಡುತ್ತಾಳೆ. ಹಲ್ಲಿಯ ಬದಲು ನಾಯಿ, ಲಿಫ್ಟು, ವಿಮಾನ, ಹಲ್ಲಿನ ವೈದ್ಯರ ಕುರ್ಚಿ, ಸಭೆಯಲ್ಲಿ ಎದ್ದು ನಿಂತು ಮಾತನಾಡುವುದು, ಇವುಗಳಲ್ಲಿ ಯಾವುದನ್ನು ಇಟ್ಟರೂ ಕಥೆ ಒಂದೇ.

ಇದಕ್ಕೆ ವೈದ್ಯಶಾಸ್ತ್ರವು ಫೋಬಿಯಾ ಎಂದು ಹೆಸರಿಟ್ಟಿದೆ. ನಾವಿಲ್ಲಿ ಅತಿಭೀತಿ ಎಂದು ಕರೆಯೋಣ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಆಳದಲ್ಲಿರುವ, ಬಾದಾಮಿಯ ಆಕಾರದ ಅಮಿಗ್ಡಲವೆಂಬ ಭಾಗವು ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತದೆ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಕಾಲು ಓಡಲು ಹವಣಿಸುತ್ತದೆ. ವಿವೇಚನೆಯು ವಿಚಾರಿಸಿ ತೀರ್ಪು ಕೊಡುವಷ್ಟರಲ್ಲಿ ಶರೀರವು ತನ್ನ ತೀರ್ಮಾನವನ್ನು ಮಾಡಿ ಮುಗಿಸಿರುತ್ತದೆ. ಆದುದರಿಂದಲೇ "ಅದೇನು ಮಾಡೀತು, ಸುಮ್ಮನಿರು" ಎಂಬ ಮನೆಯವರ ಉಪದೇಶವು ಇಲ್ಲಿ ನಾಟುವುದಿಲ್ಲ. ಇದಕ್ಕಿಂತಲೂ ಮುಖ್ಯವಾದ ಅಂಶ ಇನ್ನೊಂದುಂಟು. ಹೆದರಿದವಳು ಅಡಿಗೆಮನೆಯಿಂದ ಓಡಿಬಂದ ಕ್ಷಣದಲ್ಲಿ ಅವಳಿಗೆ ದೊಡ್ಡ ನೆಮ್ಮದಿ ದೊರೆಯುತ್ತದೆ. ಆ ನೆಮ್ಮದಿಯೇ ಓಟಕ್ಕೆ ಸಿಕ್ಕಿದ ಬಹುಮಾನ. ಪ್ರತಿ ಸಲವೂ ಬಹುಮಾನ ಪಡೆದ ಓಟವು ಚಟವಾಗುತ್ತದೆ; ನಿಂತು ನೋಡಿದ್ದರೆ ಏನೂ ಆಗುತ್ತಿರಲಿಲ್ಲವೆಂಬುದನ್ನು ಕಲಿಯುವ ಅವಕಾಶವು ಶರೀರಕ್ಕೆ ದೊರೆಯುವುದೇ ಇಲ್ಲ. ಭಯವು ವರ್ಷದಿಂದ ವರ್ಷಕ್ಕೆ ಬಲಿಯುವುದು ಹೀಗೆ.

ಇಂತಹವರ ಕಿವಿಗೆ ಎಂದಾದರೊಂದು ದಿನ ಸಂಮೋಹನ ಚಿಕಿತ್ಸೆಯ ಸುದ್ದಿ ಬೀಳುತ್ತದೆ. ಮಲಗಿಸಿ, ಕಣ್ಣು ಮುಚ್ಚಿಸಿ, ನಾಲ್ಕು ಮಾತು ಹೇಳಿ ಎಬ್ಬಿಸಿದರೆ ಭಯವು ಬೇರುಸಹಿತ ಹೋಗುವುದೆಂದು ಜಾಹೀರಾತುಗಳು ಸಾರುತ್ತವೆ. ಇನ್ನೊಂದು ಕಡೆ, ಇದು ವಶೀಕರಣದ ವಿದ್ಯೆ, ಪರರ ಕೈಗೆ ಮನಸ್ಸನ್ನು ಕೊಟ್ಟಂತೆ ಎಂದು ಹೆದರಿಸುವವರೂ ಇದ್ದಾರೆ. ಈ ಎರಡು ಮಾತುಗಳಲ್ಲಿ ಯಾವುದೂ ಸರಿಯಲ್ಲ. ಅದೇಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

1778ರಲ್ಲಿ ವಿಯೆನ್ನಾದಿಂದ ಪ್ಯಾರಿಸ್ ನಗರಕ್ಕೆ ಬಂದ ಫ್ರಾಂಜ್ ಆಂಟನ್ ಮೆಸ್ಮರ್ ಎಂಬ ವೈದ್ಯನು, ಪ್ರಾಣಿಗಳ ಶರೀರದಲ್ಲಿ ಅಯಸ್ಕಾಂತದಂತಹ ಒಂದು ದ್ರವವು ಹರಿಯುತ್ತದೆಂದೂ ಅದನ್ನು ತಾನು ಕೈಯಾಡಿಸಿ ಸರಿಪಡಿಸಬಲ್ಲೆನೆಂದೂ ಹೇಳಿಕೊಂಡನು. ಜನ ಮುಗಿಬಿದ್ದರು. 1784ರಲ್ಲಿ ಫ್ರಾನ್ಸಿನ ದೊರೆಯು ವಿಚಾರಣಾ ಮಂಡಲಿಯನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇರ್‌ರಂತಹ ಮಹನೀಯರು ಅದರಲ್ಲಿದ್ದರು. ಅವರು ನಡೆಸಿದ ಒಂದು ಪರೀಕ್ಷೆ ಇಂದಿಗೂ ಓದಲು ಸೊಗಸಾಗಿದೆ. ಮೆಸ್ಮರನ ಶಿಷ್ಯನಾದ ಡೆಸ್ಲಾನನು ಫ್ರಾಂಕ್ಲಿನ್ನನ ತೋಟದ ಒಂದು ಮರಕ್ಕೆ ಮಾತ್ರ ತನ್ನ 'ಶಕ್ತಿ'ಯನ್ನು ತುಂಬಿದನು. ಬಳಿಕ ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಬೇರೆ ಬೇರೆ ಮರಗಳ ಬಳಿಗೆ ಕರೆದೊಯ್ದರು. ಹುಡುಗನು ಒಂದೊಂದು ಮರವನ್ನು ಮುಟ್ಟಿದಂತೆಲ್ಲ ಹೆಚ್ಚು ಹೆಚ್ಚು ಬಳಲಿ, ನಾಲ್ಕನೆಯದರ ಬಳಿ ಮೂರ್ಛೆಹೋದನು. ಶಕ್ತಿ ತುಂಬಿದ ಮರವಾದರೋ ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿತ್ತು! ದ್ರವವೆಂಬುದು ಇಲ್ಲ, ಇರುವುದು ಕಲ್ಪನೆ ಮಾತ್ರ ಎಂದು ಮಂಡಲಿಯು ತೀರ್ಪಿತ್ತಿತು. ತೀರ್ಪು ಸರಿಯಾದುದೇ. ಆದರೆ ಬರಿಯ ಕಲ್ಪನೆಯು ಆರೋಗ್ಯವಂತ ಹುಡುಗನನ್ನು ಕೆಡಹಬಲ್ಲುದಾದರೆ ಬಿದ್ದವನನ್ನು ಎಬ್ಬಿಸಲೂ ಬಲ್ಲುದಲ್ಲವೆ? ಈ ಪ್ರಶ್ನೆಯನ್ನು ಆ ಮಹನೀಯರು ಮುಂದುವರಿಸಲಿಲ್ಲ.

ಮುಂದುವರಿಸಿದವನು ನಮ್ಮ ನೆರೆಯ ಗೋವೆಯವನು. 1756ರಲ್ಲಿ ಕಾಂಡೋಲಿಮ್ ಗ್ರಾಮದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ತಂದೆಯೊಡನೆ ಪೋರ್ಚುಗಲ್ಲಿಗೆ ಹೋಗಿ ಪಾದ್ರಿಯಾದ ಅಬ್ಬೆ ಫಾರಿಯಾ, 1813ರಲ್ಲಿ ಪ್ಯಾರಿಸ್ಸಿನಲ್ಲಿ ಈ ವಿಷಯವಾಗಿ ಬಹಿರಂಗ ಉಪನ್ಯಾಸಗಳನ್ನು ಆರಂಭಿಸಿದನು. ದ್ರವವೂ ಇಲ್ಲ, ಮಾಂತ್ರಿಕನ ಶಕ್ತಿಯೂ ಇಲ್ಲ. ನಡೆಯುವುದೆಲ್ಲ ಎದುರಿಗೆ ಕುಳಿತವನ ಮನಸ್ಸಿನಲ್ಲಿಯೇ ಎಂಬುದು ಅವನ ಸಿದ್ಧಾಂತ. ಫಾರಿಯಾ ಲಿಸ್ಬನ್ನಿನಲ್ಲಿ ರಾಣಿಯ ಸಮ್ಮುಖದಲ್ಲಿ ಉಪದೇಶ ಮಾಡಲು ನಿಂತಾಗ ನಾಲಿಗೆ ಕಟ್ಟಿಹೋಯಿತೆಂದೂ, ಕೆಳಗಿದ್ದ ತಂದೆಯು ಕೊಂಕಣಿಯಲ್ಲಿ "ಇವರೆಲ್ಲ ಬರಿಯ ಭಾಜಿ, ಕೊಚ್ಚು ಭಾಜಿಯನ್ನು" ಎಂದು ಪಿಸುಗುಟ್ಟಿದೊಡನೆ ಭಯವು ಹಾರಿಹೋಗಿ ಮಾತು ಸಲೀಸಾಗಿ ಹರಿಯಿತೆಂದೂ ಗೋವೆಯಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಆದರೆ ಸೂಚನೆಯ ಬಲವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. ಪಣಜಿಗೆ ಹೋದ ವಾಚಕರು, ಒರಗಿದ ಸ್ತ್ರೀಯೊಬ್ಬಳ ಮೇಲೆ ಕೈಚಾಚಿ ನಿಂತ ಅವನ ಪ್ರತಿಮೆಯನ್ನು ನೋಡಿರಬಹುದು.

ಫಾರಿಯಾನ ತರುವಾಯ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೈಡ್ 1841ರಿಂದ ಇದನ್ನು ಪ್ರಯೋಗಿಸಿ ನೋಡಿ, ಗ್ರೀಕರ ನಿದ್ರಾದೇವತೆಯ ಹೆಸರಿನಿಂದ ಹಿಪ್ನಾಟಿಸಂ ಎಂಬ ಮಾತನ್ನು ಬಳಕೆಗೆ ತಂದನು. ಇದು ನಿದ್ರೆಯಲ್ಲ, ಒಂದೇ ವಿಚಾರದಲ್ಲಿ ಮನಸ್ಸು ನೆಲೆಗೊಂಡ ಸ್ಥಿತಿ ಎಂದು ಅವನಿಗೇ ಆಮೇಲೆ ಅನಿಸಿ ಹೆಸರನ್ನು ಬದಲಿಸಲು ಯತ್ನಿಸಿದನು. ಅಷ್ಟು ಹೊತ್ತಿಗೆ ಮೊದಲಿನ ಹೆಸರು ಜನರ ಬಾಯಲ್ಲಿ ನಿಂತುಬಿಟ್ಟಿತ್ತು.

ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸುವ ಯಂತ್ರಗಳು ಬ್ರೈಡನ ಎರಡನೆಯ ಅಭಿಪ್ರಾಯವನ್ನೇ ಸಮರ್ಥಿಸುತ್ತವೆ: ಸಂಮೋಹಿತನ ಮಿದುಳು ನಿದ್ರಿಸುವವನ ಮಿದುಳಿನಂತೆ ವರ್ತಿಸುವುದಿಲ್ಲ. ಒಳ್ಳೆಯ ಕಾದಂಬರಿಯಲ್ಲಿ ಮುಳುಗಿದವನಿಗೆ ಊಟಕ್ಕೆ ಕರೆದ ಕೂಗು ಕೇಳಿಸದಿರುವುದುಂಟಷ್ಟೆ. ಸಂಮೋಹನವು ಅದಕ್ಕೆ ಸಮೀಪದ ಸ್ಥಿತಿ. ಗಮನವೆಲ್ಲ ಒಂದೆಡೆ ಕೂಡಿ, ಹೇಳಿದ ಮಾತು ಚಿತ್ರವಾಗಿ ಕಣ್ಣಮುಂದೆ ನಿಲ್ಲುತ್ತದೆ. ವ್ಯಕ್ತಿಗೆ ಎಚ್ಚರವಿರುತ್ತದೆ, ಒಲ್ಲದ ಸೂಚನೆಯನ್ನು ತಳ್ಳಿಹಾಕಬಹುದು, ಬೇಕೆನಿಸಿದಾಗ ಎದ್ದು ಬರಬಹುದು.

ಈ ಗುಣವು ಎಲ್ಲರಲ್ಲಿ ಸಮನಾಗಿರುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವೈಟ್ಜನ್‌ಹೋಫರ್ ಮತ್ತು ಹಿಲ್ಗಾರ್ಡ್ ಎಂಬವರು 1959ರಲ್ಲಿ ಇದಕ್ಕೊಂದು ಅಳತೆಗೋಲನ್ನು ಸಿದ್ಧಪಡಿಸಿದರು. ಅದರಲ್ಲಿ ಹನ್ನೆರಡು ಪರೀಕ್ಷೆಗಳು: ಚಾಚಿದ ಕೈ ಭಾರವಾಗುತ್ತಿದೆಯೆಂದರೆ ಅದು ಇಳಿಯುವುದೆ, ಇಲ್ಲದ ನೊಣ ಗುಂಯ್‌ಗುಟ್ಟುತ್ತಿದೆಯೆಂದರೆ ಅದನ್ನು ಓಡಿಸಲು ಕೈ ಬೀಸುವರೆ, ಇತ್ಯಾದಿ. ನೂರರಲ್ಲಿ ಹತ್ತು ಹದಿನೈದು ಮಂದಿ ಬಹಳ ಸುಲಭವಾಗಿ ಸಂಮೋಹಿತರಾಗುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಏನೂ ಆಗುವುದಿಲ್ಲ, ಉಳಿದವರು ನಡುವೆ. ಹಿಂದೆ ಅಳೆದಿದ್ದ ಐವತ್ತು ಮಂದಿಯನ್ನು ಇಪ್ಪತ್ತೈದು ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಂತೆ, ಒಬ್ಬೊಬ್ಬರ ಮಟ್ಟವೂ ಬಹುಮಟ್ಟಿಗೆ ಮೊದಲಿನಂತೆಯೇ ಇದ್ದಿತು. ಆದುದರಿಂದ ಸಂಮೋಹನ ಹತ್ತಲಿಲ್ಲವೆಂದು ಯಾರೂ ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಹತ್ತಿದವರ ಮನಸ್ಸು ದುರ್ಬಲವೆಂಬ ನಂಬಿಕೆಗೂ ಆಧಾರವಿಲ್ಲ.

ಇನ್ನು ಚಿಕಿತ್ಸೆಗೆ ಬರೋಣ. ನಮ್ಮ ಗೃಹಿಣಿಯು ಒಳ್ಳೆಯ ಚಿಕಿತ್ಸಕನಲ್ಲಿಗೆ ಹೋದಳೆನ್ನೋಣ. ಮೊದಲ ದಿನವು ಮಾತುಕತೆಯಲ್ಲಿಯೇ ಕಳೆಯುತ್ತದೆ. ಯಾವಾಗಿನಿಂದ ಭಯ, ಎಷ್ಟು ದೂರದಲ್ಲಿದ್ದರೆ ಸಹ್ಯ, ಬೇರೆ ಕಾಯಿಲೆಗಳಿವೆಯೆ ಎಂದು ವಿಚಾರಿಸಿ, ಇಬ್ಬರೂ ಕೂಡಿ ಭಯದ ಒಂದು ಏಣಿಯನ್ನು ಬರೆಯುತ್ತಾರೆ. ಕೆಳಗಿನ ಮೆಟ್ಟಲಲ್ಲಿ ಹಲ್ಲಿಯೆಂಬ ಮಾತು. ಅದರ ಮೇಲೆ ಹಲ್ಲಿಯ ಚಿತ್ರ, ರಬ್ಬರಿನ ಹಲ್ಲಿ, ಪಡಸಾಲೆಯ ಆ ತುದಿಯಲ್ಲಿನ ಹಲ್ಲಿ. ತುತ್ತತುದಿಯಲ್ಲಿ ನೆತ್ತಿಯ ಮೇಲಿನ ತೊಲೆಯಲ್ಲಿ ಕುಳಿತ ಹಲ್ಲಿ. ಮುಂದಿನ ಭೇಟಿಗಳಲ್ಲಿ ಆರಾಮವಾಗಿ ಒರಗಿಸಿ, ಉಸಿರನ್ನು ನಿಧಾನಗೊಳಿಸಿ, ಕೈಕಾಲುಗಳು ಸಡಿಲವಾಗುತ್ತಿವೆಯೆಂದು ಮೆಲ್ಲಗೆ ಸೂಚಿಸುತ್ತಾನೆ. ಮನಸ್ಸು ನೆಲೆಗೊಂಡ ಮೇಲೆ ಮೊದಲ ಮೆಟ್ಟಲನ್ನು ಕಲ್ಪನೆಗೆ ತರಿಸುತ್ತಾನೆ. ಅಂಜಿಕೆ ಏರಿದರೆ ಬೆರಳೆತ್ತಬೇಕು. ಆಗ ಚಿತ್ರವನ್ನು ಬಿಡಿಸಿ, ಮತ್ತೆ ಸಮಾಧಾನಗೊಳಿಸಿ, ಮತ್ತೆ ಅದೇ ಮೆಟ್ಟಲು. ಸಮಾಧಾನವು ಕೆಡದೆ ನಿಂತಾಗ ಮುಂದಿನದು. ಇದನ್ನು ಆಕೆ ಮನೆಯಲ್ಲಿ ತಾನಾಗಿಯೇ ದಿನಕ್ಕೆ ಹತ್ತು ಹದಿನೈದು ನಿಮಿಷ ಅಭ್ಯಾಸ ಮಾಡಲು ಕಲಿಸುತ್ತಾನೆ. ಕೊನೆಗೆ ನಿಜವಾದ ಹಲ್ಲಿಯ ಕಡೆಗೆ ನಡೆಯತಕ್ಕದ್ದು.

ಏಣಿಯ ಉಪಾಯವು ಸಂಮೋಹನಕಾರರದಲ್ಲ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿಯು ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ವೃತ್ತಾಂತವನ್ನು ಪ್ರಕಟಿಸಿದಳು. ಮಗುವು ತನಗೆ ಪ್ರಿಯವಾದ ತಿನಿಸನ್ನು ತಿನ್ನುತ್ತಿರುವಾಗ ಪಂಜರದಲ್ಲಿನ ಮೊಲವನ್ನು ದೂರದಿಂದ ತುಸುತುಸುವೇ ಹತ್ತಿರಕ್ಕೆ ತರುತ್ತ ಬಂದು, ಕಡೆಗೆ ಪೀಟರನು ಅದರೊಡನೆ ಆಡುವಂತೆ ಮಾಡಿದಳು. ಇದೇ ಮಾರ್ಗವನ್ನು ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ದೊಡ್ಡವರಿಗೆ ಅಳವಡಿಸಿ 1958ರಲ್ಲಿ ಗ್ರಂಥರೂಪಕ್ಕೆ ತಂದನು. ಅವನ ಚಿಕಿತ್ಸೆಯಲ್ಲಿ ತಿನಿಸಿನ ಸ್ಥಾನವನ್ನು ಶರೀರದ ವಿಶ್ರಾಂತಿಯು ವಹಿಸಿತು. ಅದನ್ನು ತರಲು ಅವನು ಅನೇಕ ವೇಳೆ ಸಂಮೋಹನವನ್ನು ಬಳಸಿದನು. ಮುಂದಿನ ಸಂಶೋಧಕರು ಕಂಡುಕೊಂಡಂತೆ, ವಿಶ್ರಾಂತಿಯಿಲ್ಲದೆಯೂ ಏಣಿಯನ್ನು ಹತ್ತಬಹುದು. ಏಣಿಯನ್ನು ಹತ್ತದೆ ಬರಿಯ ವಿಶ್ರಾಂತಿಯಿಂದ ಭಯ ಬಿಡುವುದು ಕಷ್ಟ. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ 1989ರಲ್ಲಿ ಇಪ್ಪತ್ತು ರೋಗಿಗಳ ವರದಿ ಕೊಟ್ಟನು. ಹೆಚ್ಚೆಂದರೆ ಮೂರು ಗಂಟೆಗಳ ಒಂದೇ ಭೇಟಿಯಲ್ಲಿ, ಅವರ ಸಮ್ಮತಿಯಿಂದಲೇ, ಹೆಜ್ಜೆಹೆಜ್ಜೆಯಾಗಿ ಭಯದ ವಸ್ತುವನ್ನು ಎದುರಿಸುವಂತೆ ಮಾಡಿದಾಗ, ಸರಾಸರಿ ನಾಲ್ಕು ವರ್ಷಗಳ ತರುವಾಯವೂ ಶೇಕಡಾ 90 ಮಂದಿ ಗುಣ ಹೊಂದಿಯೋ ಬಹಳ ಮಟ್ಟಿಗೆ ಸುಧಾರಿಸಿಯೋ ಇದ್ದರು. ಅಲ್ಲಿ ಸಂಮೋಹನವಿರಲಿಲ್ಲ.

ಹಾಗಾದರೆ ಸಂಮೋಹನದ ಪಾಲು ಎಷ್ಟು? ಆತಂಕಕ್ಕೆ ಸಂಮೋಹನವನ್ನು ಬಳಸಿದ 17 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ಚಿಕಿತ್ಸೆ ಪಡೆದ ಸಾಮಾನ್ಯ ವ್ಯಕ್ತಿಯೊಬ್ಬನು ಪಡೆಯದವರಲ್ಲಿ ಶೇಕಡಾ 79ರಷ್ಟು ಮಂದಿಗಿಂತ ಹೆಚ್ಚು ಸುಧಾರಿಸಿದುದು ಕಂಡುಬಂದಿತು. ಸಂಮೋಹನವೊಂದನ್ನೇ ಕೊಟ್ಟಾಗ ಬಂದ ಫಲಕ್ಕಿಂತ ಇತರ ಮಾನಸಿಕ ಚಿಕಿತ್ಸೆಗಳೊಡನೆ ಕೂಡಿಸಿ ಕೊಟ್ಟಾಗ ಬಂದ ಫಲ ಹೆಚ್ಚಿನದು. ಇದರಿಂದ ನಮಗೆ ತೋರುವುದಿಷ್ಟು: ಮೊದಲ ಮೆಟ್ಟಲಿಗೆ ಕಾಲಿಡಲೂ ಧೈರ್ಯವಿಲ್ಲದವನಿಗೆ ಸಂಮೋಹನವು ಊರುಗೋಲಾಗಬಲ್ಲುದು, ಅವನ ಬದಲಿಗೆ ತಾನು ನಡೆಯಲಾರದು.

ಊರುಗೋಲೇ ಅಡ್ಡಿಯಾಗುವ ಸಂದರ್ಭವೂ ಒಂದುಂಟು. ರಕ್ತವನ್ನೋ ಸೂಜಿಮದ್ದನ್ನೋ ಕಂಡು ಹೆದರುವವರು ಉಳಿದವರಂತಲ್ಲ. ಅವರ ಎದೆಬಡಿತವು ಮೊದಲು ಏರಿ, ಆಮೇಲೆ ಥಟ್ಟನೆ ಇಳಿಯುತ್ತದೆ. ರಕ್ತದ ಒತ್ತಡವೂ ಕುಸಿದು ತಲೆತಿರುಗಿ ಬೀಳುತ್ತಾರೆ. ಮೊದಲೇ ಕುಸಿಯುತ್ತಿರುವ ಶರೀರವನ್ನು ಇನ್ನಷ್ಟು ಸಡಿಲಿಸಿದರೆ ಬೀಳುವುದು ಸುಲಭವಾದೀತು. ಇಂತಹವರಿಗೆ ಓಸ್ಟನೂ ಅವನ ಸಂಗಡಿಗರೂ ತದ್ವಿರುದ್ಧವಾದ ಉಪಾಯವನ್ನು ಕಲಿಸಿದರು: ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡುಗಳ ಕಾಲ ಬಿಗಿಹಿಡಿಯುವುದು, ಬಿಡುವುದು, ಮತ್ತೆ ಬಿಗಿಹಿಡಿಯುವುದು. ಎಲ್ಲ ಭಯಕ್ಕೂ ಒಂದೇ ಲೇಹ್ಯವೆನ್ನುವವರಿಗೆ ಈ ವ್ಯತ್ಯಾಸವು ತಿಳಿದಿರುವುದಿಲ್ಲ.

ನೆನಪುಗಳನ್ನು ಕೆದಕುವ ವಿಚಾರದಲ್ಲಿಯೂ ಎಚ್ಚರಿಕೆ ಬೇಕು. ಭಯದ ಬೇರು ಬಾಲ್ಯದ ಮರೆತ ಘಟನೆಯಲ್ಲಿದೆ, ಅದನ್ನು ಸಂಮೋಹನದಿಂದ ಹೊರಗೆಳೆಯುತ್ತೇವೆ ಎನ್ನುವವರಿದ್ದಾರೆ. ಬಾಲ್ಯ ಸಾಲದೆ ಪೂರ್ವಜನ್ಮಕ್ಕೂ ಟಿಕೆಟ್ಟು ಹರಿಯುವವರಿದ್ದಾರೆ. ಸಂಮೋಹನದಲ್ಲಿ ಕಲ್ಪನೆಯು ಚುರುಕಾಗುತ್ತದೆಂದು ಮೇಲೆಯೇ ಹೇಳಿದೆವು. ಕಲ್ಪಿಸಿದುದು ನೆನಪಿನ ವೇಷ ತೊಟ್ಟು ಬಂದಾಗ ಅದನ್ನು ಗುರುತಿಸುವುದು ಹೇಳುವವನಿಗೂ ಸಾಧ್ಯವಿಲ್ಲ, ಕೇಳುವವನಿಗೂ ಸಾಧ್ಯವಿಲ್ಲ. ಅಮೆರಿಕದ ವೈದ್ಯಸಂಘದ ಸಮಿತಿಯು 1985ರಲ್ಲಿಯೇ ಇಂತಹ ನೆನಪುಗಳು ನಂಬಲರ್ಹವಲ್ಲವೆಂದು ಎಚ್ಚರಿಸಿತ್ತು. ಹಿಂದೆಂದೂ ನಡೆಯದ ಅನ್ಯಾಯವನ್ನು 'ನೆನೆದು' ಹೆತ್ತವರ ಮೇಲೆ ಆರೋಪ ಹೊರಿಸಿ ಒಡೆದುಹೋದ ಸಂಸಾರಗಳ ಪ್ರಕರಣಗಳು 1990ರ ದಶಕದಲ್ಲಿ ಆ ದೇಶದ ನ್ಯಾಯಾಲಯಗಳಿಗೂ ಬಂದವು.

ಇಂಥದೇ ಎಂದು ತೋರಿಸಲಾಗದ, ದಿನವಿಡೀ ಎದೆಯಲ್ಲಿ ಕುಟುಕುವ ಕಳವಳದ ಮಾತು ಬೇರೆ. ಅಲ್ಲಿ ಹತ್ತಲು ಸ್ಪಷ್ಟವಾದ ಏಣಿಯಿಲ್ಲ. ಸ್ವಸಂಮೋಹನದ ಅಭ್ಯಾಸವು ರಾತ್ರಿಯ ನಿದ್ರೆಗೂ ಬಿಗಿದ ಮೈಗೂ ಸ್ವಲ್ಪ ಹಿತವನ್ನು ಕೊಟ್ಟೀತು. ಆದರೆ ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆಯೂ ಮಿತಿಮೀರಿದ ಕಾಫಿಯೂ ಇದೇ ಎದೆಬಡಿತವನ್ನು, ಇದೇ ಕೈನಡುಕವನ್ನು ತರಬಲ್ಲವಾದುದರಿಂದ ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು. ಇಲ್ಲದ ದನಿಗಳು ಕೇಳಿಸುವಂತಹ ತೀವ್ರ ಮನೋರೋಗವಿದ್ದವರ ಮೇಲೆ ಸಂಮೋಹನವನ್ನು ಪ್ರಯೋಗಿಸುವುದು ಉಚಿತವಲ್ಲ.

ಯಾರಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರ ಸರಳವಾಗಿದೆ. ಸಂಮೋಹನವಿಲ್ಲದೆಯೂ ಭಯಕ್ಕೆ ಚಿಕಿತ್ಸೆ ಮಾಡಬಲ್ಲವನು ಯಾರೋ ಅವನಲ್ಲಿಗೆ: ಮನೋವೈದ್ಯನು, ಇಲ್ಲವೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಚಿಕಿತ್ಸಾ ಮನೋವಿಜ್ಞಾನಿಯು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಅಂತಹವರು ಇದ್ದಾರೆ. ನಾಲ್ಕಾರು ದಿನಗಳ ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದವನ ಕೈಯಲ್ಲಿ ಸಂಮೋಹನವೊಂದೇ ಇರುತ್ತದೆ; ಅದು ಹತ್ತದಿದ್ದರೆ ಅವನಲ್ಲಿ ಬೇರೆ ದಾರಿಯಿಲ್ಲ. ಕಡೆಯಲ್ಲಿ ನಿಜವಾದ ಹಲ್ಲಿಯ ಬಳಿಗೆ ನನ್ನನ್ನು ಕರೆದೊಯ್ಯುವಿರೋ ಇಲ್ಲವೋ ಎಂದು ರೋಗಿಯು ಮೊದಲ ದಿನವೇ ಕೇಳಬಹುದು. ಅದರ ಅಗತ್ಯವೇ ಇಲ್ಲವೆಂದವನಿಗೆ ಹಣ ತೆರುವ ಮುನ್ನ ಯೋಚಿಸುವುದು ಒಳ್ಳೆಯದು.

ಗುಣ ಹೊಂದಿದ ಮೇಲೂ ಕೆಲವು ತಿಂಗಳು ಹಲ್ಲಿಯ ಮುಖ ಕಾಣದಿದ್ದು, ಒಂದು ದಿನ ಅಕಸ್ಮಾತ್ತಾಗಿ ಎದುರಾದರೆ, ಹಳೆಯ ಭಯವು ಸ್ವಲ್ಪಮಟ್ಟಿಗೆ ತಲೆಯೆತ್ತುವುದುಂಟು. ಚಿಕಿತ್ಸೆಯು ವ್ಯರ್ಥವಾಯಿತೆಂದು ಎಷ್ಟೋ ಮಂದಿ ಆಗ ಎದೆಗುಂದಿ, ಮತ್ತೆ ಓಡಲಾರಂಭಿಸುತ್ತಾರೆ. ಅಂತಹ ದಿನ ಓಡದೆ, ಸಹ್ಯವಾಗುವಷ್ಟು ದೂರದಲ್ಲಿ ನಿಂತು, ಎದೆಬಡಿತ ಇಳಿಯುವವರೆಗೂ ಅದನ್ನು ನೋಡುತ್ತಿರಬೇಕು. ಮೊದಲ ಸಲ ತಿಂಗಳುಗಳು ಹಿಡಿದ ಏಣಿಯನ್ನು ಎರಡನೆಯ ಸಲ ಕೆಲವೇ ದಿನಗಳಲ್ಲಿ ಹತ್ತಲು ಸಾಧ್ಯವಾಗುತ್ತದೆ.