ನಲ್ಲಿ ನೀರಿನ ದಾರಿ

ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಕೊಡ ತುಂಬುತ್ತದೆ. ಆದರೆ ಆ ನೀರು ಎಲ್ಲಿಂದ ಬಂತು? ಯಾವ ದಾರಿಯಲ್ಲಿ ಬಂತು? ದಾರಿಯಲ್ಲಿ ಕೆಟ್ಟರೆ ಯಾರನ್ನು ಕೇಳೋದು? ಅಕ್ಕತಂಗಿಯರೇ, ಬನ್ನಿ, ತಿಳಿದುಕೊಳ್ಳೋಣ.

ನೀರು ಬರುವ ದಾರಿ

ಎಷ್ಟೋ ಹಳ್ಳಿಗಳಲ್ಲಿ ಕುಡಿಯುವ ನೀರು ಕೊಳವೆಬಾವಿಯದು. ನಾವು ಅದನ್ನು ಬೋರ್‌ವೆಲ್ ಅಂತೀವಿ. ಮೋಟಾರು ನೀರನ್ನು ಮೇಲೆತ್ತುತ್ತದೆ. ನೀರು ಎತ್ತರದ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕನ್ನು ಅಷ್ಟು ಎತ್ತರ ಕಟ್ಟೋದು ಯಾಕೆ? ಎತ್ತರದಿಂದ ನೀರು ತಾನಾಗಿ ಇಳಿಯುತ್ತದೆ, ಅದಕ್ಕೇ. ಟ್ಯಾಂಕಿನಿಂದ ಪೈಪು ಕೇರಿ ಕೇರಿಗೆ ಹೋಗುತ್ತದೆ. ನೀರುಗಂಟಿ ಬಂದು ವಾಲ್ವ್ ತಿರುಗಿಸಿದಾಗ ನಮ್ಮ ಕೇರಿಗೆ ನೀರು.

ಟ್ಯಾಂಕಿನ ನೀರಿಗೆ ಬ್ಲೀಚಿಂಗ್ ಪುಡಿ ಹಾಕಬೇಕು. ಅದು ರೋಗದ ಕ್ರಿಮಿಗಳನ್ನು ಕೊಲ್ಲುತ್ತದೆ. ಹಾಕಿ ಅರ್ಧ ಗಂಟೆಯಾದರೂ ಆದ ಮೇಲೆ ನೀರು ಬಿಡಬೇಕು. ನೀರು ಸ್ವಲ್ಪ ವಾಸನೆ ಬಂದರೆ ಹೆದರಬೇಡಿ.

ಆದರೆ ಫ್ಲೋರೈಡ್ ಬೇರೆ ಮಾತು. ಕೋಲಾರ, ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಹಲ್ಲಿಗೂ ಮೂಳೆಗೂ ಕೆಡುಕು. ಬ್ಲೀಚಿಂಗ್ ಪುಡಿ ಹಾಕಿದರೂ ಅದು ಹೋಗದು. ಕುದಿಸಿದರೂ ಹೋಗದು. ಹಾಗಾಗಿ ನೀರನ್ನು ಪರೀಕ್ಷೆ ಮಾಡಿಸಲೇಬೇಕು.

ಪೈಪು ಸೋರಿದರೆ ಏನಾಗುತ್ತದೆ?

"ಸೋರಿದರೆ ಸೋರಲಿ ಬಿಡು, ನಮ್ಮ ಮನೆಗೆ ಬರ್ತಾ ಇದೆಯಲ್ಲ" ಅನ್ನುವವರಿದ್ದಾರೆ. ಇದು ತಪ್ಪು.

ಎಷ್ಟೋ ಕಡೆ ಪೈಪು ಚರಂಡಿಯ ಪಕ್ಕದಲ್ಲೇ ಹೋಗುತ್ತದೆ. ನೀರು ಬರುವಾಗ ಒಡಕಿನಿಂದ ನೀರು ಹೊರಗೆ ಬರುತ್ತದೆ. ನೀರು ನಿಂತ ಮೇಲೆ ಪೈಪು ಬರಿದಾಗುತ್ತದೆ. ಆಗ ಅದೇ ಒಡಕಿನಿಂದ ಚರಂಡಿಯ ಕೊಳಕು ಪೈಪಿನ ಒಳಗೆ ಹೋಗುತ್ತದೆ. ಮಾರನೇ ದಿನ ಆ ಕೊಳಕು ನಮ್ಮ ಕೊಡಕ್ಕೆ ಬರುತ್ತದೆ. ವಾಂತಿ ಭೇದಿ ಶುರುವಾಗುತ್ತದೆ. ಮೊದಲು ಸೋಲುವುದು ಎಳೆ ಮಕ್ಕಳು. ಮಗುವಿನ ಜೀವಕ್ಕೇ ಅಪಾಯ.

ಒಂದು ಲೆಕ್ಕ ಮಾಡೋಣ

2019ರಲ್ಲಿ ಸರ್ಕಾರ ಜಲ ಜೀವನ್ ಮಿಷನ್ ಎಂಬ ಯೋಜನೆ ಶುರು ಮಾಡಿತು. ಅದರಂತೆ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಮನೆಯಲ್ಲಿ 5 ಜನ ಇದ್ದರೆ 275 ಲೀಟರ್. 15 ಲೀಟರ್ ಹಿಡಿಯುವ ಕೊಡದಲ್ಲಿ ಸುಮಾರು 18 ಕೊಡ.

ಈಗ ಸೋರುವ ಪೈಪಿನ ಕೆಳಗೆ ಕೊಡ ಇಟ್ಟು ನೋಡಿ. 5 ನಿಮಿಷಕ್ಕೆ ಒಂದು ಕೊಡ ತುಂಬಿತು ಅನ್ನೋಣ. ಗಂಟೆಗೆ 12 ಕೊಡ. ಎರಡು ಗಂಟೆ ನೀರು ಬಿಟ್ಟರೆ 24 ಕೊಡ. ಒಂದು ಮನೆಯ ನೀರಿಗಿಂತ ಹೆಚ್ಚು ನೀರು ಚರಂಡಿಯ ಪಾಲು! ಮೋಟಾರಿನ ಕರೆಂಟಿಗೆ ಹಣ ಕೊಡುವವರೂ ನಾವೇ.

ಯಾರನ್ನು ಕೇಳೋದು?

ಊರಿನ ನೀರು ಗ್ರಾಮ ಪಂಚಾಯಿತಿಯ ಕೆಲಸ. ಮೊದಲು ನೀರುಗಂಟಿಗೆ ಹೇಳಿ. ಕೆಲಸ ಆಗದಿದ್ದರೆ ಪಂಚಾಯಿತಿಗೆ ಅರ್ಜಿ ಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗಬಹುದು. ಬರೆದದ್ದು ಉಳಿಯುತ್ತದೆ. ಈಗ ನಮಗೆ ಬರೆಯಲು ಬರುತ್ತದಲ್ಲ! ಹೀಗೆ ಬರೆಯಿರಿ:

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ,
ಸ್ವಾಮಿ,
ನಮ್ಮ ಕೇರಿಯಲ್ಲಿ ಚರಂಡಿ ಪಕ್ಕದ ನೀರಿನ ಪೈಪು ಒಡೆದಿದೆ. 8 ದಿನದಿಂದ ಸೋರುತ್ತಿದೆ. ಕೊಳಕು ನೀರು ಸೇರುತ್ತಿದೆ. ಬೇಗ ರಿಪೇರಿ ಮಾಡಿಸಿ. ನೀರನ್ನು ಪರೀಕ್ಷೆ ಮಾಡಿಸಿ.
ಇಂತಿ, ಕೇರಿಯ ಮಹಿಳೆಯರು

ಕೆಳಗೆ ತಾರೀಕು ಹಾಕಿ. ಎಲ್ಲರೂ ಸಹಿ ಮಾಡಿ. ಹೆಬ್ಬೆಟ್ಟು ಬೇಡ, ಸಹಿ! ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಆಮೇಲೂ ಆಗದಿದ್ದರೆ? ಗ್ರಾಮಸಭೆಯಲ್ಲಿ ಎದ್ದು ಕೇಳಿ. ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ನಡೆಯಬೇಕು ಎಂದು ಕಾನೂನು ಇದೆ. ರಿಪೇರಿಗೆ ಎಷ್ಟು ಖರ್ಚಾಯಿತು ಎಂದೂ ಕೇಳಬಹುದು. 2005ರ ಮಾಹಿತಿ ಹಕ್ಕು ಕಾನೂನಿನಂತೆ 10 ರೂಪಾಯಿ ಶುಲ್ಕ ಕಟ್ಟಿ ಬರೆದು ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವೂ ಇಲ್ಲ.

ಹೆಂಗಸರ ಕೆಲಸವೂ ಹೌದು

"ಪೈಪು, ಮೋಟಾರು ಗಂಡಸರ ವಿಷಯ" ಅಂತಾರೆ. ನೀರು ಹೊರುವವರು ಯಾರು? ಕಾಯಿಲೆ ಮಗುವಿನ ಪಕ್ಕ ರಾತ್ರಿಯೆಲ್ಲ ಕೂರುವವರು ಯಾರು? ಜಲ ಜೀವನ್ ಮಿಷನ್ ನಿಯಮದಂತೆ ಊರಿನ ನೀರು ಸಮಿತಿಯಲ್ಲಿ ಅರ್ಧದಷ್ಟು ಜನ ಹೆಂಗಸರಿರಬೇಕು. ಪ್ರತಿ ಊರಿನಲ್ಲಿ 5 ಹೆಂಗಸರಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು.

ನಮ್ಮದೂ ಕೆಲಸ ಇದೆ. ನೀರಿನ ಕಂದಾಯ ಕಟ್ಟೋಣ, ರಸೀದಿ ಪಡೆಯೋಣ. ಪೈಪಿಗೆ ನಾವೇ ಮೋಟಾರು ಹಾಕಿ ಎಳೆಯಬಾರದು. ಎಳೆದರೆ ಕೊನೆಯ ಮನೆಗೆ ನೀರಿಲ್ಲ. ಒಡಕಿದ್ದರೆ ಕೊಳಕೂ ಒಳಗೆ ಬರುತ್ತದೆ.

ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ? ಟ್ಯಾಂಕು ತೊಳೆದದ್ದು ಯಾವಾಗ? ಇಂದೇ ಕೇಳಿ ತಿಳಿದುಕೊಳ್ಳಿ. ಉತ್ತರವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.