ಅರ್ಧ ಸೆಕೆಂಡು ಹಿಡಿದುಕೊಟ್ಟ ಕಳ್ಳಬಾಗಿಲು

ಮಕ್ಕಳೇ, ಮೊದಲು ಒಂದು ಸಣ್ಣ ಕೆಲಸ ಮಾಡಿ. ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತಾ, ಒಂದು ಸೆಕೆಂಡಿಗೆ ಎರಡರಂತೆ ಒಂದೇ ಲಯದಲ್ಲಿ ಚಪ್ಪಾಳೆ ತಟ್ಟಿ. ಒಂದು ಚಪ್ಪಾಳೆಗೂ ಮುಂದಿನ ಚಪ್ಪಾಳೆಗೂ ನಡುವಿನ ಹೊತ್ತು ಅರ್ಧ ಸೆಕೆಂಡು. ಎಷ್ಟು ಚಿಕ್ಕದು, ಅಲ್ಲವೇ? ಬಸ್ಸು ಅರ್ಧ ಗಂಟೆ ತಡವಾದರೂ ಸುಮ್ಮನೆ ಕಾಯುವವರು ನಾವು. ಇನ್ನು ಅರ್ಧ ಸೆಕೆಂಡಿನ ಲೆಕ್ಕ ಯಾರಿಗೆ ಬೇಕು?

2024ರ ಮಾರ್ಚ್ ತಿಂಗಳಲ್ಲಿ ಒಬ್ಬರಿಗೆ ಬೇಕಾಯಿತು. ಅವರ ಹೆಸರು ಆಂಡ್ರೆಸ್ ಫ್ರಾಯ್ಂಡ್. ತಮ್ಮ ಕಂಪ್ಯೂಟರು ಒಂದು ಕೆಲಸಕ್ಕೆ ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿದೆ ಎಂಬುದನ್ನು ಅವರು ಗಮನಿಸಿದರು. ಏಕೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಕಳ್ಳಬಾಗಿಲು. ಅದರ ಕತೆ ತಿಳಿಯಬೇಕಾದರೆ ಮೊದಲು ಅಡುಗೆಮನೆಗೆ ಹೋಗಿ ಬರೋಣ.

ಅಂಗಡಿಯಿಂದ ಸಾರಿನ ಪುಡಿಯ ಪೊಟ್ಟಣ ತಂದಿದ್ದೀರಿ ಎನ್ನಿ. ಅದರಲ್ಲಿ ಕೊತ್ತಂಬರಿ ಬೀಜ ಎಷ್ಟಿದೆ, ಮೆಣಸಿನಕಾಯಿ ಎಷ್ಟಿದೆ ಎಂದು ಪುಡಿಯನ್ನು ನೋಡಿ ಹೇಳಲಾಗದು. ಆದರೆ ಅಜ್ಜಿ ತನ್ನ ಪುಡಿಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ? ಓದಬಹುದು, ಮಾಡಿ ನೋಡಬಹುದು. ಖಾರ ಹೆಚ್ಚೆನಿಸಿದರೆ ಎರಡು ಮೆಣಸಿನಕಾಯಿ ಕಡಿಮೆ ಮಾಡಬಹುದು. ಪಕ್ಕದ ಮನೆಯವರಿಗೂ ಕೊಡಬಹುದು.

ಕಂಪ್ಯೂಟರನ್ನು ನಡೆಸುವ ತಂತ್ರಾಂಶದಲ್ಲೂ ಹೀಗೆಯೇ ಎರಡು ಬಗೆ. ತಂತ್ರಾಂಶವನ್ನು ಬರೆಯುವವರು ಅದನ್ನು ಮನುಷ್ಯರು ಓದಬಲ್ಲ ಸಾಲುಗಳಲ್ಲಿ ಬರೆಯುತ್ತಾರೆ. ಇದಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ನಾವು ಮೂಲ ಬರಹ ಎನ್ನೋಣ. ಅದು ಆಮೇಲೆ ಯಂತ್ರಕ್ಕೆ ಮಾತ್ರ ಅರ್ಥವಾಗುವ ಸೊನ್ನೆ ಮತ್ತು ಒಂದುಗಳ ರಾಶಿಯಾಗುತ್ತದೆ. ಈ ರಾಶಿಯನ್ನಷ್ಟೇ ಕೊಡುವುದು ಪೊಟ್ಟಣದ ಪುಡಿಯಂತೆ. ಮೂಲ ಬರಹವನ್ನೂ ಕೊಟ್ಟು, ಓದಿ, ತಿದ್ದಿ, ಹಂಚಿ ಎನ್ನುವುದು ಅಜ್ಜಿಯ ಚೀಟಿಯಂತೆ. ಇದೇ ಮುಕ್ತ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್ ಇಂಥದ್ದು. ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಅದರ ತಳದಲ್ಲಿರುವುದೂ ಲಿನಕ್ಸೇ! ಅಂತರಜಾಲದ ಮೂಲಕ ಲೋಕಕ್ಕೆಲ್ಲ ಮಾಹಿತಿ ಒದಗಿಸುವ ಸರ್ವರ್ ಎಂಬ ದೊಡ್ಡ ಕಂಪ್ಯೂಟರುಗಳಲ್ಲೂ ಬಹಳಷ್ಟು ಲಿನಕ್ಸಿನಿಂದಲೇ ನಡೆಯುತ್ತವೆ.

ಎಲ್ಲರೂ ಓದಬಹುದಾದ ತಂತ್ರಾಂಶದಲ್ಲಿ ಮೋಸ ಮಾಡುವುದು ಕಷ್ಟ ಎಂದು ನಿಮಗೆ ಅನ್ನಿಸಬಹುದು. ನಿಜ. ಆದರೆ ಎಲ್ಲರೂ ಓದಬಹುದು ಎನ್ನುವುದು ಬೇರೆ, ಎಲ್ಲರೂ ಓದಿದ್ದಾರೆ ಎನ್ನುವುದು ಬೇರೆ. ಶಾಲೆಯ ಫಲಕದಲ್ಲಿ ಅಂಟಿಸಿದ ಸೂಚನೆಯನ್ನು ನಿಮ್ಮಲ್ಲಿ ಎಷ್ಟು ಮಂದಿ ಪೂರ್ತಿ ಓದುತ್ತೀರಿ? ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ 2012ರಲ್ಲಿ ಸೇರಿಕೊಂಡ ಒಂದು ತಪ್ಪು ಬೆಳಕಿಗೆ ಬಂದದ್ದು 2014ರ ಏಪ್ರಿಲಿನಲ್ಲಿ. ಎರಡು ವರ್ಷ ಅದು ಎಲ್ಲರ ಕಣ್ಣೆದುರೇ ಇತ್ತು. ಅದು ಅರಿಯದೆ ಆದ ತಪ್ಪು. ಆದರೆ ನಾವು ಹೇಳಹೊರಟಿರುವುದು ಬೇಕೆಂದೇ ಮಾಡಿದ ಮೋಸ.

ಎಕ್ಸ್‌ಝಡ್ ಎಂಬ ಚಿಕ್ಕ ಮುಕ್ತ ತಂತ್ರಾಂಶ ಒಂದಿದೆ. ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡುವುದು ಅದರ ಕೆಲಸ. ಒತ್ತುವುದು ಹೇಗೆ? ಹಾಡನ್ನು ಬರೆದುಕೊಳ್ಳುವಾಗ ನೀವು ಪಲ್ಲವಿಯನ್ನು ಪ್ರತಿ ಚರಣದ ಕೊನೆಗೂ ಪೂರ್ತಿ ಬರೆಯುವುದಿಲ್ಲ. ಅದರ ಮೊದಲ ಪದ ಬರೆದು ಎರಡು ಗೆರೆ ಎಳೆಯುತ್ತೀರಿ. ಓದುವವರು ಮೇಲೆ ನೋಡಿ ಹಾಡಿಕೊಳ್ಳುತ್ತಾರೆ. ಎಕ್ಸ್‌ಝಡ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಒಮ್ಮೆ ಬಂದದ್ದು ಮತ್ತೆ ಬಂದರೆ 'ಹಿಂದೆ ಇಂಥ ಕಡೆ ನೋಡು' ಎಂದು ಗುರುತು ಹಾಕುತ್ತದೆ.

ಇದನ್ನು ಫಿನ್ಲೆಂಡಿನ ಲಾಸೆ ಕೊಲಿನ್ ಎಂಬವರು ವರ್ಷಗಟ್ಟಲೆ ತಮ್ಮ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2021ರಿಂದ ಜಿಯಾ ಟಾನ್ ಎಂಬ ಹೆಸರಿನವರು ಈ ಬಗೆಯ ಕೆಲಸದಲ್ಲಿ ಕಾಣಿಸಿಕೊಂಡರು. ಎಕ್ಸ್‌ಝಡ್‌ನ ತಪ್ಪುಗಳನ್ನು ತಿದ್ದಿ ಕಳುಹಿಸತೊಡಗಿದರು. ಕೆಲಸ ಅಚ್ಚುಕಟ್ಟು. ಅದೇ ಹೊತ್ತಿಗೆ ಬೇರೆ ಕೆಲವು ಅಪರಿಚಿತ ಹೆಸರುಗಳಿಂದ ಕೊಲಿನ್ ಅವರಿಗೆ ದೂರುಗಳು ಬಂದವು: ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರನ್ನು ಸೇರಿಸಿಕೊಳ್ಳಿ ಎಂದು. ದಣಿದಿದ್ದ ಕೊಲಿನ್ ಕ್ರಮೇಣ ಜಿಯಾ ಟಾನ್‌ಗೆ ಜವಾಬ್ದಾರಿ ವಹಿಸಿದರು. ಕೆಲಸಕ್ಕೆ ಕೈ ಜೋಡಿಸುವವರು ಸಿಕ್ಕರೆ ಯಾರಿಗೆ ತಾನೇ ಸಂತೋಷವಾಗದು? ಅವರನ್ನು ದೂರುವಂತಿಲ್ಲ.

2024ರ ಫೆಬ್ರುವರಿಯಲ್ಲಿ ಎಕ್ಸ್‌ಝಡ್‌ನ 5.6.0 ಎಂಬ ಹೊಸ ಆವೃತ್ತಿ ಬಂತು. ಮಾರ್ಚಿನಲ್ಲಿ 5.6.1. ಮೋಸ ಇದ್ದದ್ದು ಇವುಗಳಲ್ಲಿ. ಅದನ್ನು ಅಡಗಿಸಿದ ಜಾಣತನ ನೋಡಿ. ತಂತ್ರಾಂಶವನ್ನು ಪರೀಕ್ಷಿಸಲು ಕೆಲವು ಮಾದರಿ ಕಡತಗಳನ್ನು ಇಟ್ಟಿರುತ್ತಾರೆ. ಬೇಕೆಂದೇ ಕೆಡಿಸಿದ ಕಡತಗಳೂ ಅವುಗಳಲ್ಲಿ ಇರುತ್ತವೆ. ಅವು ಮನುಷ್ಯರು ಓದುವಂಥವಲ್ಲ, ಆದ್ದರಿಂದ ಯಾರೂ ತೆರೆದು ನೋಡುವುದಿಲ್ಲ. ವಿಷವನ್ನು ಅಲ್ಲಿ ಬಚ್ಚಿಟ್ಟಿದ್ದರು. ಅದನ್ನು ಹೊರತೆಗೆದು ಬೆರೆಸಲು ಶುರುಮಾಡುವ ಸಾಲು ಎಲ್ಲರೂ ನೋಡುವ ಮೂಲ ಬರಹದಲ್ಲಿ ಇರಲಿಲ್ಲ. ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಗೋಡೆಗೆ ಅಂಟಿಸಿದ ಅಜ್ಜಿಯ ಚೀಟಿ ಸರಿಯಾಗಿಯೇ ಇದೆ, ಮನೆಮನೆಗೆ ಹಂಚಿದ ಪ್ರತಿಯಲ್ಲಿ ಒಂದು ಸಾಲು ಹೆಚ್ಚು!

ಗುರಿ ಎಕ್ಸ್‌ಝಡ್ ಅಲ್ಲ, ಎಸ್‌ಎಸ್‌ಎಚ್ ಎಂಬ ಇನ್ನೊಂದು ತಂತ್ರಾಂಶ. ದೂರದಲ್ಲಿರುವ ಸರ್ವರನ್ನು ಅದರ ಮೇಲ್ವಿಚಾರಕರು ತಮ್ಮ ಮೇಜಿನಿಂದಲೇ ತೆರೆದು ಕೆಲಸ ಮಾಡುವುದು ಎಸ್‌ಎಸ್‌ಎಚ್ ಮೂಲಕ. ಅದು ಸರ್ವರಿನ ಮುಂಬಾಗಿಲು ಇದ್ದಂತೆ. ಎಸ್‌ಎಸ್‌ಎಚ್ ತಾನಾಗಿ ಎಕ್ಸ್‌ಝಡ್ ಅನ್ನು ಬಳಸುವುದಿಲ್ಲ. ಆದರೆ ಲಿನಕ್ಸಿನ ಕೆಲವು ಬಗೆಗಳಲ್ಲಿ ಎಸ್‌ಎಸ್‌ಎಚ್‌ಗೆ ಬೇರೊಂದು ತಂತ್ರಾಂಶ ಜೋಡಿಸಿದ್ದರು, ಆ ತಂತ್ರಾಂಶಕ್ಕೆ ಎಕ್ಸ್‌ಝಡ್ ಬೇಕಿತ್ತು. ನೆಂಟರ ನೆಂಟನಾಗಿ ಮದುವೆಮನೆಗೆ ನುಗ್ಗಿದ ಹಾಗೆ! ಒಳಗೆ ಸೇರಿದ ಮೇಲೆ ಮುಂಬಾಗಿಲಿನ ಬೀಗವನ್ನೇ ಬದಲಿಸುವ ಹಂಚಿಕೆ. ಗುಟ್ಟಿನ ಕೀಲಿ ಇದ್ದವರು ಯಾರ ಅಪ್ಪಣೆಯೂ ಇಲ್ಲದೆ ಒಳಹೊಕ್ಕು ಏನು ಬೇಕಾದರೂ ಮಾಡಬಹುದಿತ್ತು. ಸರ್ವರಿನಲ್ಲಿ ಆಸ್ಪತ್ರೆಯ ದಾಖಲೆ ಇರಬಹುದು, ಬ್ಯಾಂಕಿನ ಲೆಕ್ಕ ಇರಬಹುದು, ಜನರ ಪತ್ರಗಳು ಇರಬಹುದು.

ಫ್ರಾಯ್ಂಡ್ ಮೈಕ್ರೋಸಾಫ್ಟ್ ಕಂಪನಿಯ ಎಂಜಿನಿಯರ್. ಕಳ್ಳರನ್ನು ಹಿಡಿಯುವುದು ಅವರ ಕೆಲಸವಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ವೇಗವನ್ನು ಅವರು ಅಳೆಯುತ್ತಿದ್ದರು. ಅಳತೆ ಸರಿಯಾಗಿ ಬರಬೇಕಾದರೆ ಕಂಪ್ಯೂಟರಿನಲ್ಲಿ ಬೇರೆ ಗದ್ದಲ ಇರಬಾರದು. ತಕ್ಕಡಿ ತೂಗುವಾಗ ಗಾಳಿ ಬೀಸಬಾರದಲ್ಲ, ಹಾಗೆ. ಆದರೆ ಎಸ್‌ಎಸ್‌ಎಚ್ ಯಾಕೋ ಅತಿಯಾಗಿ ದುಡಿಯುತ್ತಿತ್ತು. ತಪ್ಪು ಹೆಸರು ಕೊಟ್ಟವರನ್ನು ತಕ್ಷಣ ಹೊರಗಟ್ಟಬೇಕಾದ ಬಾಗಿಲು ಅಷ್ಟೊಂದು ಶ್ರಮಪಡುವುದೇಕೆ? ಒಳಹೋಗಲು ಮೊದಲು ಸುಮಾರು 0.3 ಸೆಕೆಂಡು ಬೇಕಿತ್ತು, ಈಗ 0.8. ಕೆಲವು ವಾರಗಳ ಹಿಂದೆ ಇನ್ನೊಂದು ಪರೀಕ್ಷೆಯಲ್ಲಿ ಕಂಡಿದ್ದ ವಿಚಿತ್ರ ದೂರೂ ಅವರಿಗೆ ನೆನಪಾಯಿತು. ಎಳೆ ಹಿಡಿದು ಹೋದರು. ಎಕ್ಸ್‌ಝಡ್ ಸಿಕ್ಕಿತು. ಮಾರ್ಚ್ 29ರಂದು ತಾವು ಕಂಡದ್ದನ್ನೆಲ್ಲ ಬರೆದು ಎಲ್ಲರಿಗೂ ತಿಳಿಸಿದರು.

ಆ ಹೊತ್ತಿಗೆ ಈ ಆವೃತ್ತಿಗಳು ಲಿನಕ್ಸಿನ ಪ್ರಯೋಗದ ಬಗೆಗಳನ್ನು ಸೇರಿದ್ದವು, ಹೆಚ್ಚಿನ ಸರ್ವರುಗಳನ್ನು ಇನ್ನೂ ತಲುಪಿರಲಿಲ್ಲ. ಕೂಡಲೇ ಎಲ್ಲೆಡೆ ಹಿಂದಕ್ಕೆ ಪಡೆದರು. ಮೂಲ ಬರಹ ಮುಕ್ತವಾಗಿದ್ದುದರಿಂದ ಜಗತ್ತಿನ ನಾನಾ ಕಡೆಯ ತಜ್ಞರು ಅದನ್ನು ಬಿಚ್ಚಿ ನೋಡಿ ಮೋಸದ ಒಂದೊಂದೇ ತುಣುಕನ್ನು ಬಿಡಿಸಿಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಕೊಲಿನ್ ಅವರೇ ಶುದ್ಧಮಾಡಿದ 5.6.2 ಆವೃತ್ತಿಯನ್ನು ಹೊರತಂದರು. ಜಿಯಾ ಟಾನ್ ಎಂಬ ಹೆಸರು ಮತ್ತೆ ಅಲ್ಲಿ ಕಾಣಿಸಲಿಲ್ಲ. ಆ ಹೆಸರಿನ ಹಿಂದೆ ಒಬ್ಬರಿದ್ದರೋ ಗುಂಪಿತ್ತೋ ಎಂಬುದು ಬಯಲಾಗಿಲ್ಲ.

ಅಂದಹಾಗೆ, ಕೊಲಿನ್ ಅವರಂತೆ ತೆರೆಮರೆಯಲ್ಲಿ ದುಡಿದವರ ಹೆಸರುಗಳನ್ನು ನೀವೂ ನೋಡಬಹುದು. ಮನೆಯ ಹಿರಿಯರನ್ನು ಕೇಳಿ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ಫೋನಿನ ಬಗ್ಗೆ ವಿವರ ಇರುವ ಕಡೆ ಕಾನೂನು ಮಾಹಿತಿ ಎಂಬ ಸಾಲು ಇರುತ್ತದೆ. ಅದರೊಳಗೆ ಆ ಫೋನಿನಲ್ಲಿರುವ ಮುಕ್ತ ತಂತ್ರಾಂಶಗಳ ಪಟ್ಟಿ, ಅವುಗಳನ್ನು ಬರೆದ ಹಲವರ ಹೆಸರಿನೊಡನೆ ಸಿಗುತ್ತದೆ. ಬೆರಳಿನಿಂದ ಸರಿಸುತ್ತಾ ಕೊನೆ ಮುಟ್ಟಲು ಎಷ್ಟು ಹೊತ್ತು ಬೇಕು, ಲೆಕ್ಕ ಹಾಕಿ ನೋಡಿ.