ನಿಂತ ಗಾಡಿ ಬಿಸಿಯಾದರೆ...



ಸಂಘದ ಸಾಲದಿಂದ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡು ತರಕಾರಿ, ಹೂವು, ಪಶು ಆಹಾರ ಸಾಗಿಸುವ ಗುಂಪುಗಳು ನಮ್ಮಲ್ಲಿವೆ. ಅಂಥ ಗುಂಪುಗಳ ಸಭೆಗೆ ಹೋದಾಗ ನಾವು ಕೇಳುವ ದೂರು ಹೆಚ್ಚು ಕಡಿಮೆ ಒಂದೇ. "ಸಿಸ್ಟರ್, ಓಡುವಾಗ ಏನೂ ತೊಂದರೆ ಇಲ್ಲ. ಮಾರ್ಕೆಟಿನ ಗೇಟಿನಲ್ಲಿ ಕ್ಯೂ ನಿಂತರೆ ಸಾಕು, ಮುಳ್ಳು ಮೇಲೆ ಹೋಗ್ತದೆ." ಡ್ರೈವರನ್ನು ಕೇಳಿದರೆ, "ಹಳೇ ಡೀಸೆಲ್ ಗಾಡಿ ಅಲ್ವಾ, ಅದು ಹಾಗೇ" ಎನ್ನುತ್ತಾನೆ.

ಈ ಉತ್ತರವನ್ನು ಒಪ್ಪಬೇಡಿ. ಡೀಸೆಲ್ ಎಂಜಿನ್ ಸುಮ್ಮನೆ ನಿಂತು ತಿರುಗುವಾಗ ಬಹಳ ಕಡಿಮೆ ಎಣ್ಣೆ ಸುಡುತ್ತದೆ. ಒಲೆಯನ್ನು ಸಿಮ್‌ನಲ್ಲಿ ಇಟ್ಟ ಹಾಗೆ. ಸರಿಯಾಗಿರುವ ಡೀಸೆಲ್ ಗಾಡಿ, ಅದು ಹದಿನೈದು ವರ್ಷ ಹಳೆಯದಾದರೂ, ನಿಂತಲ್ಲಿ ಕುದಿಯಬಾರದು. ಕುದಿಯುತ್ತದೆ ಎಂದರೆ ಎಲ್ಲೋ ಒಂದು ಭಾಗ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಆ ಭಾಗ ಹೆಚ್ಚಾಗಿ ದುಬಾರಿಯದ್ದೂ ಅಲ್ಲ.

ಎಂಜಿನ್ನಿನ ಸುತ್ತ ಹರಿಯುವ ನೀರು ಬಿಸಿಯನ್ನು ಹೊತ್ತುಕೊಂಡು ಮುಂದಿನ ರೇಡಿಯೇಟರ್‌ಗೆ ಬರುತ್ತದೆ, ಅಲ್ಲಿ ಗಾಳಿಗೆ ತಣಿದು ವಾಪಸು ಹೋಗುತ್ತದೆ. ಗಾಡಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಗಾಳಿ ಎಳೆಯುವುದು ಫ್ಯಾನ್ ಮಾತ್ರ. ಆದ್ದರಿಂದ ಓಡುವಾಗ ಸರಿ ಇದ್ದು ನಿಂತಾಗ ಬಿಸಿಯಾದರೆ ಮೊದಲು ಫ್ಯಾನನ್ನು, ಗಾಳಿಯ ದಾರಿಯನ್ನು ನೋಡಿ. ಘಾಟಿ ಹತ್ತುವಾಗ, ಲೋಡ್ ಇರುವಾಗ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಪಂಪ್ ಸೋತಿರಬಹುದು. ಇವೆರಡರ ವ್ಯತ್ಯಾಸ ಮೆಕ್ಯಾನಿಕ್‌ಗೆ ಸ್ಪಷ್ಟವಾಗಿ ಹೇಳಿದರೆ ಅರ್ಧ ಕೆಲಸ ಮುಗಿಯಿತು. "ಹೀಟ್ ಆಗ್ತದೆ" ಎಂದಷ್ಟೇ ಹೇಳಿದರೆ ಅವನು ಒಂದೊಂದೇ ಭಾಗ ಬದಲಾಯಿಸುತ್ತಾ ಹೋಗುತ್ತಾನೆ, ದುಡ್ಡು ಸಂಘದ್ದು.

ಫ್ಯಾನಿನಲ್ಲಿ ಮೂರು ಬಗೆ ಇದೆ. ಕೆಲವು ಗಾಡಿಗಳಲ್ಲಿ ಬೆಲ್ಟ್ ನೇರವಾಗಿ ಫ್ಯಾನನ್ನು ತಿರುಗಿಸುತ್ತದೆ. ಬೆಲ್ಟ್ ಸಡಿಲವಾದರೆ ಅಥವಾ ಎಣ್ಣೆ ತಾಗಿ ಜಾರಿದರೆ ಫ್ಯಾನ್ ನಿಧಾನವಾಗುತ್ತದೆ. ಅನೇಕ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ಹಾಗಾಗಿ ನೀರೂ ನಿಧಾನ. ಇನ್ನು ಕೆಲವುದರಲ್ಲಿ ಫ್ಯಾನಿನ ನಡುವೆ ವಿಸ್ಕಸ್ ಕ್ಲಚ್ ಎಂಬ ಗುಂಡಗಿನ ಡಬ್ಬಿ ಇರುತ್ತದೆ. ಅದರೊಳಗಿನ ಸಿಲಿಕೋನ್ ಎಣ್ಣೆ ಸೋರಿ ಹೋದರೆ ಫ್ಯಾನ್ ನೋಡಲು ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ. ಮೋಸ ಹೋಗುವುದು ಇಲ್ಲೇ. ಎಂಜಿನ್ ಬಂದ್ ಆಗಿ ಪೂರಾ ತಣ್ಣಗಾದ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಸ್ವಲ್ಪ ಹಿಡಿದುಕೊಂಡಂತೆ ತಿರುಗಬೇಕು. ಗಿರಗಿಟ್ಟಲೆಯಂತೆ ಸುತ್ತುತ್ತಲೇ ಇದ್ದರೆ ಕ್ಲಚ್ ಹೋಗಿದೆ. ಮೂರನೆಯದು ಕರೆಂಟಿನ ಫ್ಯಾನ್. ಮುಳ್ಳು ನಡುಭಾಗ ದಾಟಿದ ಮೇಲೂ ಅದರ ಸದ್ದು ಕೇಳದಿದ್ದರೆ ಫ್ಯೂಸ್, ರಿಲೇ, ಸ್ವಿಚ್ ನೋಡಿಸಬೇಕು. ಫ್ಯೂಸಿನ ಬೆಲೆ ಒಂದು ಚಹಾದಷ್ಟು.

ಫ್ಯಾನಿನ ಸುತ್ತ ಒಂದು ಪ್ಲಾಸ್ಟಿಕ್ ಗೂಡು ಇರುತ್ತದೆ, ಶ್ರೌಡ್ ಎನ್ನುತ್ತಾರೆ. ರಿಪೇರಿಗೆ ಬಿಚ್ಚಿದವರು ಅದನ್ನು ತಿರುಗಿ ಹಾಕದೆ ಮೂಲೆಗೆ ಎಸೆದದ್ದನ್ನು ನಾವೇ ನೋಡಿದ್ದೇವೆ. "ಅದು ಬೇಕಾಗಿಲ್ಲ ಸಿಸ್ಟರ್" ಎನ್ನುತ್ತಾರೆ. ಬೇಕು. ಸೌದೆ ಒಲೆಗೆ ಊದುಗೊಳವೆಯಿಂದ ಊದುವುದಕ್ಕೂ ಬರೀ ಬಾಯಿಂದ ಊದುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗೂಡು ಇದ್ದರೆ ಫ್ಯಾನ್ ಇಡೀ ರೇಡಿಯೇಟರ್‌ನಿಂದ ಗಾಳಿ ಎಳೆಯುತ್ತದೆ. ಇಲ್ಲದಿದ್ದರೆ ಎಂಜಿನ್ನಿನ ಬಿಸಿಗಾಳಿಯನ್ನೇ ಸುತ್ತಿಸುತ್ತದೆ.

ಗಾಳಿ ಎಳೆಯುತ್ತಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಎಂಜಿನ್ ಬಿಸಿಯಾಗಿ ತಿರುಗುತ್ತಿರುವಾಗ ಬಾನೆಟ್ ಮುಚ್ಚಿಯೇ ಇಟ್ಟು, ಗಾಡಿಯ ಮುಂದಿನ ಜಾಲರಿಗೆ ಒಂದು ಹಾಳೆ ಕಾಗದ ಹಿಡಿಯಿರಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಕಾಗದ ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಫ್ಯಾನನ್ನು ಉಲ್ಟಾ ಕೂರಿಸಿದ್ದಾರೆ ಅಥವಾ ವೈರ್ ಉಲ್ಟಾ ಕೊಟ್ಟಿದ್ದಾರೆ. ಬಾನೆಟ್ ತೆರೆದು, ತಿರುಗುವ ಫ್ಯಾನಿನ ಹತ್ತಿರ ಸೆರಗು, ದುಪಟ್ಟಾ, ಜಡೆ ಬಗ್ಗಿಸಬೇಡಿ. ಕರೆಂಟಿನ ಫ್ಯಾನ್ ಎಂಜಿನ್ ಬಂದ್ ಆದ ಮೇಲೂ ತಟ್ಟನೆ ತಿರುಗಬಹುದು.

ಗಾಳಿಯ ದಾರಿಯನ್ನು ನಾವೇ ಕಟ್ಟಿಹಾಕುವುದೂ ಉಂಟು. ಆಯುಧ ಪೂಜೆಗೆ ಕಟ್ಟಿದ ಬಾಳೆ ಕಂಬ, ಹೂವಿನ ಹಾರ ವಾರವಾದರೂ ಜಾಲರಿಯ ಮೇಲೇ ಇರುತ್ತದೆ. ಸಂಘದ ಹೆಸರಿನ ಬ್ಯಾನರ್ ಕೂಡ ಸರಿಯಾಗಿ ಅಲ್ಲೇ! ಅದನ್ನು ಬಾಡಿಯ ಪಕ್ಕಕ್ಕೆ ಕಟ್ಟಿ, ಹೆಸರು ಅಲ್ಲಿಯೂ ಕಾಣುತ್ತದೆ. ರೇಡಿಯೇಟರ್‌ನ ಸಂದುಗಳಲ್ಲಿ ಧೂಳು, ಭತ್ತದ ಹೊಟ್ಟು, ಹುಳ ಸಿಕ್ಕಿಕೊಂಡಿರುತ್ತವೆ. ತಣ್ಣಗಿರುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಪೈಪಿನಿಂದ ಹೊಡೆದರೆ ತೆಳುವಾದ ತಗಡುಗಳು ಮಡಚಿ ದಾರಿ ಇನ್ನೂ ಮುಚ್ಚುತ್ತದೆ.

ಇನ್ನು ನೀರು. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಸುಣ್ಣದ ಪದರ ಕಟ್ಟುವುದನ್ನು ನೋಡಿದ್ದೀರಿ. ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿಸಿ. ಬೆರೆಸಿಯೇ ಮಾರುವ ಕೂಲಂಟ್ ಆದರೆ ನೀರು ಸೇರಿಸಬೇಡಿ. ಇದು ತುಕ್ಕನ್ನೂ ತಡೆಯುತ್ತದೆ. ರೇಡಿಯೇಟರ್ ಮುಚ್ಚಳ ಪ್ರೆಶರ್ ಕುಕ್ಕರಿನ ಮುಚ್ಚಳದ ಕೆಲಸ ಮಾಡುತ್ತದೆ. ಒತ್ತಡ ಹಿಡಿದಿಟ್ಟರೆ ನೀರು ನೂರು ಡಿಗ್ರಿಗೆ ಕುದಿಯದೆ ಸುಮಾರು ನೂರಾ ಇಪ್ಪತ್ತರ ತನಕ ತಾಳುತ್ತದೆ. ಅದರ ರಬ್ಬರ್ ಹೋಗಿದ್ದರೆ ನೀರು ಬೇಗ ಕುದಿದು ಹೊರಗೆ ಉಕ್ಕುತ್ತದೆ. ಮುಚ್ಚಳ ಬದಲಿಸಿ, ಬಟ್ಟೆ ತುರುಕಬೇಡಿ.

"ಥರ್ಮೋಸ್ಟಾಟ್ ತೆಗೆದು ಬಿಡೋಣ, ಹೀಟ್ ಆಗೋದಿಲ್ಲ" ಎಂದು ಹೇಳುವ ಮೆಕ್ಯಾನಿಕ್‌ಗಳು ಬಹಳ ಜನ ಇದ್ದಾರೆ. ನಮಗೆ ಈ ಸಲಹೆ ಒಪ್ಪಿಗೆ ಇಲ್ಲ. ಅದಿಲ್ಲದೆ ಎಂಜಿನ್ ಸರಿಯಾದ ಬಿಸಿಗೆ ಬರಲು ತಡವಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ನೀರು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲಿ ಸುತ್ತಿ ಇನ್ನೂ ಬಿಸಿಯಾಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಲಿ.

ಕ್ಯೂನಲ್ಲಿ ಮುಳ್ಳು ಏರತೊಡಗಿದರೆ ಏ.ಸಿ. ಇದ್ದರೆ ಬಂದ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಸೆಕೆಯಾಗುತ್ತದೆ, ಆದರೆ ಎಂಜಿನ್ನಿನ ಬಿಸಿ ಆ ದಾರಿಯಲ್ಲೂ ಹೊರಗೆ ಹೋಗುತ್ತದೆ. ಬೆಲ್ಟ್ ಫ್ಯಾನಿನ ಗಾಡಿಯಾದರೆ ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಿ ಒಂದೆರಡು ನಿಮಿಷ ನೋಡಬಹುದು. ಇಳಿಯದಿದ್ದರೆ, ಅಥವಾ ಮುಳ್ಳು ಕೆಂಪಿಗೆ ಹೋದರೆ, ಪಕ್ಕಕ್ಕೆ ಹಾಕಿ ಬಂದ್ ಮಾಡಿ. ಮುಳ್ಳು ತಟ್ಟನೆ ಕೆಳಗೆ ಬಿದ್ದರೆ ಖುಷಿಪಡಬೇಡಿ. ನೀರೆಲ್ಲ ಖಾಲಿಯಾಗಿ ಅಳೆಯುವ ಕಡ್ಡಿ ಬರೀ ಗಾಳಿಯಲ್ಲಿ ಇರಬಹುದು.

ಬಿಸಿ ಇರುವಾಗ ಮುಚ್ಚಳ ತೆಗೆಯಲೇಬಾರದು. ಕುಕ್ಕರ್ ಸೀಟಿ ಹೊಡೆಯುವಾಗ ಮುಚ್ಚಳ ತೆಗೆದ ಹಾಗೆ, ಮುಖ, ಕೈ ಸುಟ್ಟು ಹೋಗುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ, ಮೇಲಿನ ಹೋಸ್ ಪೈಪ್ ಮುಟ್ಟಿದರೆ ತಣ್ಣಗೆ ಮೆತ್ತಗೆ ಇರಬೇಕು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. "ಇನ್ನು ಎರಡೇ ಕಿಲೋಮೀಟರ್" ಎಂದು ಕೆಂಪಿನಲ್ಲೇ ಓಡಿಸಿದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಬೆಲ್ಟಿನ ಖರ್ಚು ನೂರರ ಲೆಕ್ಕದಲ್ಲಿ, ಹೆಡ್ ಕೆಲಸದ ಖರ್ಚು ಹತ್ತಾರು ಸಾವಿರದ ಲೆಕ್ಕದಲ್ಲಿ. ಗಾಡಿ ಗ್ಯಾರೇಜಿನಲ್ಲಿ ಇರುವಷ್ಟು ದಿನ ಬಾಡಿಗೆ ಇಲ್ಲ, ಕಂತು ಮಾತ್ರ ಇದ್ದೇ ಇದೆ. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದರೆ, ಹೊಗೆ ಕೊಳವೆಯಿಂದ ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಒಳಗೆ ನುಗ್ಗಿದೆ ಎಂದು ತಿಳಿದು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ.

ಇನ್ನೊಂದು ಮಾತು: ಲೋಡ್ ಇಳಿಸುವ ತನಕ ಎಂಜಿನ್ ಯಾಕೆ ತಿರುಗಬೇಕು? ಸ್ಟಾರ್ಟಿಂಗ್ ಟ್ರಬಲ್ ಇದೆ ಎಂದು ಡ್ರೈವರ್ ಬಂದ್ ಮಾಡುವುದಿಲ್ಲ. ಹಾಗಾದರೆ ಬ್ಯಾಟರಿ ಸರಿಮಾಡಿಸಿ, ಡೀಸೆಲೂ ಉಳಿಯುತ್ತದೆ.

ಸಂಘದಿಂದ ಇಬ್ಬರನ್ನು ಆರಿಸಿ. ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಅವರು ಕೂಲಂಟ್ ಡಬ್ಬಿಯ ಗೆರೆ, ಬೆಲ್ಟ್, ಹೋಸ್, ಗಾಡಿಯ ಕೆಳಗಿನ ನೆಲ ನೋಡಿ ಪುಸ್ತಕದಲ್ಲಿ ಬರೆಯಲಿ. ನೀರು ಎಷ್ಟು ಸೇರಿಸಿದಿರಿ ಎಂಬುದೂ ಬರೆದಿರಲಿ. ವಾರ ವಾರ ಸೇರಿಸಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಬದಲಿಸಿದ ಹಳೆಯ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ಆದರೆ ವಿಷ. ಮಕ್ಕಳು, ನಾಯಿ, ದನ ಕರು ನೆಕ್ಕಿದರೆ ಜೀವಕ್ಕೆ ಅಪಾಯ. ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ತುಂಬಿಸಿ, ಹೆಸರು ಬರೆದು ಗ್ಯಾರೇಜಿಗೆ ಕೊಡಿ.